ಗಾಳಿಯ ಜೊತೆ ಗುದ್ದಾಟ: ಟೈಮ್ ಟ್ರಯಲ್ ಸೈಕ್ಲಿಸ್ಟ್ ದುಡ್ಡು ಮೊದಲು ಎಲ್ಲಿ ಹಾಕಬೇಕು?



ಬೆಳಗಿನ ಜಾವ ಎದ್ದು ಸೈಕಲ್ ಹತ್ತುವವರಲ್ಲಿ ಕೆಲವರಿಗೆ ಟೈಮ್ ಟ್ರಯಲ್ ಎಂಬ ಗೀಳು ಅಂಟಿಕೊಂಡಿರುತ್ತದೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಟೈಮ್ ಟ್ರಯಲ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು, ಸಾಮಾನ್ಯವಾಗಿ ಒಂದೊಂದು ನಿಮಿಷ ಬಿಟ್ಟು ಹೊರಡುತ್ತಾರೆ. ಮುಂದಿನವರ ಬೆನ್ನ ಹಿಂದೆ ಅವಿತು ಗಾಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಎದುರಾಳಿ ಅಂದ್ರೆ ಗಡಿಯಾರ, ಅದಕ್ಕಿಂತ ದೊಡ್ಡ ಎದುರಾಳಿ ಗಾಳಿ.

ಈ ಗೀಳು ಹಿಡಿದವರಿಗೆಲ್ಲ ಒಂದು ದಿನ ಒಂದೇ ಪ್ರಶ್ನೆ ಬರುತ್ತದೆ. ಕೈಯಲ್ಲಿ ಇಷ್ಟು ದುಡ್ಡಿದೆ, ಮೊದಲು ಏನು ಕೊಳ್ಳಲಿ? ಡಿಸ್ಕ್ ವೀಲಾ? ಬಾಲವಿರುವ ಹೆಲ್ಮೆಟ್ಟಾ? ಅಥವಾ ಸಾಲ ಮಾಡಿಯಾದರೂ ಹೊಸ ಕಾರ್ಬನ್ ಫ್ರೇಮಾ? ಅಂಗಡಿಯವರು ಒಂದು ಉತ್ತರ ಕೊಡುತ್ತಾರೆ, ಜಾಹೀರಾತು ಇನ್ನೊಂದು ಕೊಡುತ್ತದೆ. ಆದರೆ ಈ ಆಟಕ್ಕೆ 130 ವರ್ಷದ ಇತಿಹಾಸ ಇದೆ ನೋಡಿ, ಅದು ಬೇರೆಯದೇ ಉತ್ತರ ಕೊಡುತ್ತದೆ. ಇವತ್ತು ಅದನ್ನೇ ಕೇಳೋಣ.

ಕಪ್ಪು ಕೋಟಿನ ಕಾಲ

ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. 1890ರ ದಶಕದಲ್ಲಿ ಅಲ್ಲಿನ ರಸ್ತೆಗಳಲ್ಲಿ ಸೈಕಲ್ ರೇಸ್ ಅಂದರೆ ರಗಳೆಯ ವಿಷಯ. ಕುದುರೆ ಗಾಡಿಯವರಿಗೆ ಸಿಟ್ಟು, ಪೊಲೀಸರಿಗೆ ತಲೆನೋವು. ಕೊನೆಗೆ ರಾಷ್ಟ್ರೀಯ ಸೈಕಲ್ ಸಂಘವೇ ರಸ್ತೆ ರೇಸ್ ಬೇಡ ಎಂದು ಕೈ ತೊಳೆದುಕೊಂಡಿತು. ಆಗ ಫ್ರೆಡರಿಕ್ ಥಾಮಸ್ ಬಿಡ್ಲೇಕ್ ಎಂಬ ಸೈಕ್ಲಿಸ್ಟ್ ಒಂದು ಉಪಾಯ ಹೂಡಿದರು. ಗುಂಪಾಗಿ ಓಡಿದರೆ ತಾನೇ ರೇಸ್ ಅನ್ನಿಸೋದು? ಒಬ್ಬೊಬ್ಬರನ್ನೇ ಬಿಟ್ಟರೆ? 1895ರ ಅಕ್ಟೋಬರ್ 5ರಂದು ನಾರ್ತ್ ರೋಡ್ ಸೈಕ್ಲಿಂಗ್ ಕ್ಲಬ್ಬಿನ 50 ಮೈಲಿ ಸ್ಪರ್ಧೆ ಹೀಗೆ ನಡೆಯಿತು. ಇವತ್ತಿನ ಟೈಮ್ ಟ್ರಯಲ್ ಹುಟ್ಟಿದ್ದು ಅಲ್ಲಿ.

ಆಗಿನ ಸವಾರರೂ ಉಡುಪನ್ನು ಬಹಳ ಎಚ್ಚರದಿಂದಲೇ ಆರಿಸಿಕೊಳ್ಳುತ್ತಿದ್ದರು. ಆದರೆ ವೇಗಕ್ಕಾಗಿ ಅಲ್ಲ, ಕಣ್ಣಿಗೆ ಬೀಳದಿರಲು! ಕುತ್ತಿಗೆಯಿಂದ ಪಾದದವರೆಗೆ ಕಪ್ಪು ಬಟ್ಟೆ, ಮೇಲೊಂದು ಕಪ್ಪು ಕೋಟು. ಸ್ಪರ್ಧೆ ಬೆಳಗಿನ ಜಾವ. ದಾರಿ ಯಾವುದು ಎಂದು ಹೊರಗಿನವರಿಗೆ ಗೊತ್ತಾಗಬಾರದು ಅಂತ ಅದಕ್ಕೊಂದು ಗುಪ್ತ ಸಂಕೇತ. ಬ್ರಿಟನ್ನಿನಲ್ಲಿ ಟೈಮ್ ಟ್ರಯಲ್ ದಾರಿಗಳನ್ನು ಇಂದಿಗೂ ಅಕ್ಷರ, ಅಂಕಿ ಸೇರಿಸಿಯೇ ಕರೆಯುತ್ತಾರೆ.

ಆ ಕೋಟು ಗಾಳಿಗೆ ಪಟಪಟ ಬಡಿಯುತ್ತಾ ಎಷ್ಟು ನಿಮಿಷ ತಿಂದು ಹಾಕುತ್ತಿತ್ತೋ! ಯಾರೂ ಲೆಕ್ಕ ಇಟ್ಟಿರಲಿಲ್ಲ. ಅದು ಹವ್ಯಾಸಿಗಳ ಆಟ. ವಾರವಿಡೀ ದುಡಿದು ಭಾನುವಾರ ಸೈಕಲ್ ತುಳಿಯುವವರ ಆಟ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮಲಗಿ ತುಳಿದವನ ದಾಖಲೆ

ಗಾಳಿಯೇ ಶತ್ರು ಎಂದು ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. 1933ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸೈಕ್ಲಿಸ್ಟ್, ಬೆನ್ನು ಒರಗಿಸಿ ಕಾಲು ಮುಂದಕ್ಕೆ ಚಾಚಿ ತುಳಿಯುವ ಒಂದು ವಿಚಿತ್ರ ಸೈಕಲ್ ಹತ್ತಿದರು. ಶಾರ್ಲ್ ಮೊಶೆ ಎಂಬುವರು ಮಾಡಿದ್ದ ಗಾಡಿ ಅದು. ಒಂದು ಗಂಟೆಯಲ್ಲಿ 45.055 ಕಿ.ಮೀ. ಹೋದರು. 1914ರಿಂದ ಯಾರೂ ಮುಟ್ಟದೆ ಉಳಿದಿದ್ದ ಆಸ್ಕರ್ ಎಗ್ ಅವರ 44.247 ಕಿ.ಮೀ. ದಾಖಲೆ ಮುರಿದು ಬಿತ್ತು. ಫೋರ್ ಮೊದಲ ಸಾಲಿನ ಸವಾರರಾಗಿರಲಿಲ್ಲ ಅನ್ನುವುದೇ ಎಲ್ಲರ ಹೊಟ್ಟೆ ಉರಿಸಿದ್ದು.

ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ಅಂದ್ರೆ ಯುಸಿಐ, 1934ರಲ್ಲಿ ಕೂತು ಚರ್ಚೆ ಮಾಡಿ ಇಂಥ ಗಾಡಿಗಳನ್ನು ಹೊರಗಿಟ್ಟಿತು. ಇದರಲ್ಲಿ ಎರಡು ಪಾಠ ಇವೆ. ಒಂದು, ಕಾಲಿನ ಬಲ ಅಷ್ಟೇ ಇದ್ದರೂ ಕೂರುವ ಭಂಗಿ ಬದಲಾದರೆ ವೇಗ ಬದಲಾಗುತ್ತದೆ. ಎರಡು, ಯಾವುದು ಸೈಕಲ್, ಯಾವುದು ಅಲ್ಲ ಅಂತ ತೀರ್ಮಾನಿಸುವುದು ಭೌತಶಾಸ್ತ್ರ ಅಲ್ಲ, ನಿಯಮ ಬರೆಯುವವರು. ಮುಂದಿನ ಕಥೆಯೆಲ್ಲ ಈ ಎರಡರ ನಡುವಿನ ಜಗ್ಗಾಟ.

ತೂತು ಕೊರೆದವರು

ಆಮೇಲೆ ಹವ್ಯಾಸಿಗಳ ಲೋಕ ಬಹಳ ವರ್ಷ ತೂಕದ ಹಿಂದೆ ಬಿತ್ತು. ಇಂಗ್ಲೆಂಡಿನ ಆಲ್ಫ್ ಎಂಗರ್ಸ್ ಇದಕ್ಕೆ ಒಳ್ಳೆ ಉದಾಹರಣೆ. ವೃತ್ತಿಯಲ್ಲಿ ಬೇಕರಿಯವರು, ಪೇಸ್ಟ್ರಿ ಮಾಡುವವರು. ರಾತ್ರಿ ಕೆಲಸ, ಬೆಳಿಗ್ಗೆ ರೇಸ್. 1978ರ ಆಗಸ್ಟ್ 5ರಂದು 25 ಮೈಲಿ, ಅಂದರೆ ಸುಮಾರು 40 ಕಿ.ಮೀ. ದೂರವನ್ನು 49 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿದರು. 50 ನಿಮಿಷದ ಗೋಡೆ ಒಡೆದ ಮೊದಲಿಗರು ಅವರೇ.

ಸೈಕಲ್ಲಿನ ಭಾಗಗಳಿಗೆ ಡ್ರಿಲ್ ಹಿಡಿದು ತೂತು ಕೊರೆದು ತೂಕ ಇಳಿಸುವುದು ಆ ಕಾಲದ ಹುಚ್ಚು. ಎಂಗರ್ಸ್ ಅದರಲ್ಲಿ ಎತ್ತಿದ ಕೈ. ಅವರ ಹಾದಿ ಹಿಡಿದು ಎಷ್ಟೋ ಜನ ಬ್ರೇಕ್ ಲಿವರಿಗೂ ಚೈನ್ ರಿಂಗಿಗೂ ತೂತು ಹೊಡೆದರು. ಈಗ ಲೆಕ್ಕ ಹಾಕಿ ನೋಡೋಣ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವಾಗ ಒಂದಿಡೀ ಕಿಲೋ ತೂಕ ಇಳಿಸಿದರೂ ಉಳಿಯುವುದು ಅರ್ಧ ವ್ಯಾಟಿನ ಆಸುಪಾಸು. ಗುಡ್ಡ ಹತ್ತುವಾಗ ತೂಕ ಮುಖ್ಯ, ನಿಜ. ಆದರೆ ಸಪಾಟು ರಸ್ತೆಯಲ್ಲಿ ಅದು ಚಿಲ್ಲರೆ ಕಾಸು. ಎಂಗರ್ಸ್ ಗೆದ್ದದ್ದು ಆ ತೂತುಗಳಿಂದಲ್ಲ. ಅವರ ಕಾಲಿನಿಂದ, ಸೈಕಲ್ಲಿನ ಮೇಲೆ ಅವರು ಬಗ್ಗಿ ಕೂರುತ್ತಿದ್ದ ರೀತಿಯಿಂದ. ನೋಡಿದವರ ಕಣ್ಣಿಗೆ ಮಾತ್ರ ತೂತುಗಳೇ ಬಿದ್ದವು!

ಇದು ಇವತ್ತಿಗೂ ಹಾಗೇ ಇದೆ. ಗೆದ್ದವರ ಸೈಕಲ್ಲಿನ ಫೋಟೋ ನೋಡುತ್ತೇವೆ, ಕಣ್ಣಿಗೆ ಹೊಡೆಯುವ ವಸ್ತುವನ್ನು ಕೊಳ್ಳುತ್ತೇವೆ.

ಎಂಟು ಸೆಕೆಂಡ್

ಈಗ 1989ರ ಜುಲೈ 23ಕ್ಕೆ ಬರೋಣ. ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ. ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ 24.5 ಕಿ.ಮೀ. ಟೈಮ್ ಟ್ರಯಲ್. ಫ್ರಾನ್ಸಿನ ಲೊರಾನ್ ಫಿನ್ಯೋನ್ 50 ಸೆಕೆಂಡ್ ಮುಂದಿದ್ದಾರೆ. ಹಿಂದಿರುವವರು ಅಮೆರಿಕದ ಗ್ರೆಗ್ ಲೆಮಾಂಡ್. ಇಷ್ಟು ಚಿಕ್ಕ ದೂರದಲ್ಲಿ 50 ಸೆಕೆಂಡ್ ಕಿತ್ತುಕೊಳ್ಳೋದು ಆಗದ ಮಾತು ಅಂತ ಬಹುತೇಕ ಎಲ್ಲರ ಲೆಕ್ಕ.

ಇಬ್ಬರ ಸಾಮಾನು ನೋಡಿ. ಫಿನ್ಯೋನ್ ಅವರ ಸೈಕಲ್ಲಿಗೆ ಹಿಂದೆ ಮುಂದೆ ಎರಡೂ ಡಿಸ್ಕ್ ವೀಲ್. 1984ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಫ್ರಾನ್ಸೆಸ್ಕೊ ಮೋಸರ್ ಇಂಥ ಚಕ್ರ ಹಾಕಿಕೊಂಡು ಒಂದು ಗಂಟೆಯ ದಾಖಲೆಯನ್ನು 51.151 ಕಿ.ಮೀ.ಗೆ ಏರಿಸಿದ ಮೇಲೆ ಅದು ಎಲ್ಲರ ಕನಸಿನ ವಸ್ತು. ತಲೆಗೆ ಮಾತ್ರ ಏನೂ ಇಲ್ಲ, ಜುಟ್ಟು ಗಾಳಿಗೆ ಹಾರುತ್ತಿದೆ. ಲೆಮಾಂಡ್‌ಗೆ ಹಿಂದೆ ಒಂದೇ ಡಿಸ್ಕ್, ಮುಂದಿನದು ಕಡ್ಡಿಗಳಿರುವ ಚಕ್ರ. ತಲೆಗೆ ಉದ್ದ ಬಾಲದ ಹೆಲ್ಮೆಟ್. ಎಲ್ಲಕ್ಕಿಂತ ಮುಖ್ಯವಾಗಿ, ಹ್ಯಾಂಡಲ್ಲಿಗೆ ಒಂದು ಹೊಸ ಬಗೆಯ ಬಾರ್. ಮೊಣಕೈ ಊರಿ ಎರಡೂ ಕೈ ಮುಂದಕ್ಕೆ ಚಾಚಿ ಹಿಡಿಯುವ ಬಾರ್.

ಅದನ್ನು ರೂಪಿಸಿದವರು ಬೂನ್ ಲೆನನ್. ಅವರು ಹಿಮದ ಮೇಲೆ ಜಾರುವ ಸ್ಕೀಯಿಂಗ್ ತರಬೇತುದಾರರು. ಸ್ಕೀಯರ್‌ಗಳು ಇಳಿಜಾರಿನಲ್ಲಿ ಕೈ ಮುಂದೆ ಜೋಡಿಸಿ, ಬೆನ್ನು ಬಗ್ಗಿಸಿ, ಮುದ್ದೆಯಾಗಿ ಹೋಗುತ್ತಾರಲ್ಲ, ಅದೇ ಭಂಗಿಯನ್ನು ಸೈಕಲ್ಲಿಗೆ ತಂದರು. ಮೊದಲು ಅದನ್ನು ಬಳಸಿ ನೋಡಿದ್ದು ಟ್ರಯಥ್ಲಾನ್ ಓಟದವರು ಮತ್ತು ದೀರ್ಘ ದೂರದ ಹುಚ್ಚರು. ಟೂರ್‌ನ ದೊಡ್ಡ ದೊಡ್ಡ ತಂಡಗಳು ತಲೆ ಕೆಡಿಸಿಕೊಂಡಿರಲಿಲ್ಲ.

ಲೆಮಾಂಡ್ 26 ನಿಮಿಷ 57 ಸೆಕೆಂಡಿನಲ್ಲಿ ಮುಗಿಸಿದರು. ಸರಾಸರಿ ಗಂಟೆಗೆ 54.5 ಕಿ.ಮೀ. ಫಿನ್ಯೋನ್ 58 ಸೆಕೆಂಡ್ ಹಿಂದೆ ಬಿದ್ದರು. 3,285 ಕಿ.ಮೀ. ತುಳಿದ ಟೂರ್ ಬರೀ 8 ಸೆಕೆಂಡಿನಲ್ಲಿ ಕೈಬಿಟ್ಟಿತು. ಫಿನ್ಯೋನ್‌ಗೆ ಆಗ ಸೀಟಿನ ಜಾಗದಲ್ಲಿ ಗಾಯವಾಗಿ ಕೂರುವುದೇ ನರಕವಾಗಿತ್ತು ಅನ್ನುವುದನ್ನೂ ಹೇಳಲೇಬೇಕು. ಎಲ್ಲವನ್ನೂ ಬಾರ್‌ನ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಆದರೂ ದುಬಾರಿ ಚಕ್ರಗಳು ಎರಡಿದ್ದದ್ದು ಸೋತವರ ಹತ್ತಿರ. ದೇಹದ ಭಂಗಿ ಬದಲಿಸುವ ಅಗ್ಗದ ವಸ್ತು ಇದ್ದದ್ದು ಗೆದ್ದವರ ಹತ್ತಿರ.

ವಾಷಿಂಗ್ ಮಷೀನಿನ ಬೇರಿಂಗ್

ನಾಲ್ಕು ವರ್ಷದ ನಂತರ ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿ ಇದನ್ನೇ ಇನ್ನೂ ಗಟ್ಟಿಯಾಗಿ ಹೇಳಿದರು. ಬ್ರಿಟನ್ನಿನ ಹವ್ಯಾಸಿ ಟೈಮ್ ಟ್ರಯಲ್‌ಗಳಲ್ಲಿ ಬೆಳೆದವರು. ಸೈಕಲ್ ಅಂಗಡಿ ಇಟ್ಟು ಕೈ ಸುಟ್ಟುಕೊಂಡಿದ್ದರು, ಜೇಬು ಖಾಲಿ. ಗುಜರಿ ಸಾಮಾನು ಸೇರಿಸಿ ತಾವೇ ಒಂದು ಸೈಕಲ್ ಕಟ್ಟಿದರು. ಅದಕ್ಕೆ ಹಾಕಿದ ಬೇರಿಂಗ್ ಹಳೇ ವಾಷಿಂಗ್ ಮಷೀನಿನದು. ಕಾಲುಗಳು ಹತ್ತಿರ ಹತ್ತಿರ ಸುತ್ತಲಿ ಎಂದು ಪೆಡಲ್‌ಗಳ ನಡುವಿನ ಅಂತರ ಕಮ್ಮಿ ಮಾಡಿದರು, ಮಂಡಿ ತಾಗದಿರಲಿ ಎಂದು ಮೇಲಿನ ಅಡ್ಡ ಕೊಳವೆಯನ್ನೇ ತೆಗೆದರು. ಕೈಗಳನ್ನು ಮಡಿಚಿ ಎದೆಯ ಕೆಳಗೆ ತುರುಕಿ, ಭುಜವನ್ನು ಹ್ಯಾಂಡಲ್ ಮೇಲೆ ಒರಗಿಸಿ ತುಳಿಯುತ್ತಿದ್ದರು.

1993ರ ಜುಲೈ 16ರಂದು ನಾರ್ವೆಯ ಹಾಮರ್‌ನಲ್ಲಿ ಮೋಸರ್ ದಾಖಲೆಯ ಮೇಲೆ ಕಣ್ಣಿಟ್ಟು ತುಳಿದರು, ಆಗಲಿಲ್ಲ. ಒಂದು ರಾತ್ರಿ ಕಳೆದು ಮಾರನೇ ದಿನ ಮತ್ತೆ ಹತ್ತಿದರು. 51.596 ಕಿ.ಮೀ.! ಒಂಬತ್ತು ವರ್ಷದ ದಾಖಲೆ ಹೋಯಿತು. ಒಂದು ವಾರವೂ ತುಂಬಿರಲಿಲ್ಲ, ಇನ್ನೊಬ್ಬ ಬ್ರಿಟಿಷ್ ಸವಾರ ಕ್ರಿಸ್ ಬೋರ್ಡ್‌ಮನ್ ಅದನ್ನು 52.270ಕ್ಕೆ ಏರಿಸಿದರು. ಮರದ ಕೆಲಸ ಕಲಿತಿದ್ದ ಅವರೂ ಅದೇ ಹವ್ಯಾಸಿ ಲೋಕದಿಂದ ಬಂದವರೇ.

ಯುಸಿಐ 1994ರಲ್ಲಿ ಒಬ್ರಿ ಭಂಗಿಯನ್ನು ನಿಷೇಧಿಸಿತು. ಅವರು ಕೈ ಮುಂದಕ್ಕೆ ನೇರ ಚಾಚುವ 'ಸೂಪರ್‌ಮ್ಯಾನ್' ಭಂಗಿ ಕಂಡುಹಿಡಿದರು. ಅದನ್ನೂ ನಿಷೇಧಿಸಿದರು. ಗಮನಿಸಿ, ನಿಯಮ ಬರೆಯುವವರಿಗೆ ಭಯ ಹುಟ್ಟಿಸಿದ್ದು ಆ ಸೈಕಲ್ಲಿನ ಬೆಲೆ ಅಲ್ಲ, ಸವಾರನ ಭಂಗಿ.

ಒಬ್ಬನೇ ಮನುಷ್ಯ, ಎರಡು ಅಂಕಿ

ಈ ವಾದಕ್ಕೆ ಪುರಾವೆ ಬೇಕಾ? ಬೋರ್ಡ್‌ಮನ್ ಅವರ ಎರಡು ದಾಖಲೆ ಪಕ್ಕಪಕ್ಕ ಇಟ್ಟು ನೋಡಿ. 1996ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ, ಸೂಪರ್‌ಮ್ಯಾನ್ ಭಂಗಿ, ಏರೋ ಹೆಲ್ಮೆಟ್, ಏರೋ ಸೈಕಲ್ಲಿನೊಂದಿಗೆ ಗಂಟೆಗೆ 56.375 ಕಿ.ಮೀ. ಆಮೇಲೆ ಯುಸಿಐ ನಿಯಮ ಬದಲಿಸಿ, 1972ರಲ್ಲಿ ಎಡ್ಡಿ ಮರ್ಕ್ಸ್ ಬಳಸಿದಂಥ ಸಾದಾ ಸೈಕಲ್ಲಿನಲ್ಲೇ ದಾಖಲೆ ಮಾಡಬೇಕು ಎಂದಿತು. 2000ದಲ್ಲಿ, ಅದೇ ಮ್ಯಾಂಚೆಸ್ಟರ್‌ನಲ್ಲಿ, ಅದೇ ಬೋರ್ಡ್‌ಮನ್, ಬಾಗಿದ ಹ್ಯಾಂಡಲ್ಲಿನ ಸಾದಾ ಸೈಕಲ್ಲಿನಲ್ಲಿ: 49.441 ಕಿ.ಮೀ.

ಏಳು ಕಿಲೋಮೀಟರಿಗೆ ಹತ್ತಿರದ ವ್ಯತ್ಯಾಸ. 2000ದಲ್ಲಿ ಅವರು ನಿವೃತ್ತಿಯ ಅಂಚಿನಲ್ಲಿದ್ದರು, ಆರೋಗ್ಯವೂ ಚೆನ್ನಾಗಿರಲಿಲ್ಲ, ಆ ರಿಯಾಯಿತಿ ಕೊಡಿ. ಕೊಟ್ಟ ಮೇಲೂ ಉಳಿಯುವ ಬಹುಪಾಲು ಗಾಳಿಯ ಲೆಕ್ಕವೇ. ಇನ್ನೊಂದು ಮಜಾ ಅಂದ್ರೆ, ಮರ್ಕ್ಸ್ ದಾಖಲೆ 49.431. ಬೋರ್ಡ್‌ಮನ್ ಮುರಿದದ್ದು ಬರೀ 10 ಮೀಟರಿನಿಂದ.

ಹಾಗಾದರೆ ಏನು ಕೊಳ್ಳೋದು?

ಈಗ ನಮ್ಮ ಜೇಬಿಗೆ ಬರೋಣ. ಸಪಾಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ನಮ್ಮ ಶಕ್ತಿಯಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಆ ಗಾಳಿಯ ತಡೆಯಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಸೈಕಲ್ಲಿನದಲ್ಲ, ನಮ್ಮ ಮೈಯದು. ಗಾಳಿಗೆ ನಾವು ಎಷ್ಟು ಅಗಲವಾಗಿ, ಯಾವ ಆಕಾರದಲ್ಲಿ ಎದುರಾಗುತ್ತೇವೆ ಅನ್ನೋದನ್ನು ಅಳೆಯುವ ಅಂಕಿಗೆ ಸಿಡಿಎ ಅಂತಾರೆ. ಅದು 0.30 ಇದ್ದದ್ದು 0.25ಕ್ಕೆ ಇಳಿದರೆ, ಆ ವೇಗದಲ್ಲಿ ಸುಮಾರು 40 ವ್ಯಾಟ್ ಉಳಿಯುತ್ತದೆ. ಅಷ್ಟೇ ಶಕ್ತಿ ಹಾಕಿ 40 ಕಿ.ಮೀ. ಓಡಿದರೆ ಸುಮಾರು ಮೂರು ನಿಮಿಷ ಬೇಗ ಮುಗಿಯುತ್ತದೆ. ಇದರ ದೊಡ್ಡ ಭಾಗವನ್ನು ಬರೀ ಭಂಗಿ ಮತ್ತು ಏರೋಬಾರ್‌ನಿಂದ ಪಡೆಯಬಹುದು.

ಅದಕ್ಕೇ ಇತಿಹಾಸ ಕೊಡುವ ಪಟ್ಟಿ ಹೀಗಿದೆ. ಮೊದಲು ಭಂಗಿ, ಅದಕ್ಕೆ ದುಡ್ಡಿಲ್ಲ. ಈಗಿರುವ ಸೈಕಲ್ಲಿಗೇ ಕ್ಲಿಪ್ ಮಾಡುವ ಏರೋಬಾರ್ ಎರಡನೆಯದು. ಬಗ್ಗಿ ಕೂರುವುದು ಎಷ್ಟು ಅಂದ್ರೆ, ಒಂದು ಗಂಟೆ ಹಾಗೇ ಇರೋಕೆ ಆಗಬೇಕು, ಕಾಲಿನ ಬಲವೂ ಕುಗ್ಗಬಾರದು. ಐದು ನಿಮಿಷಕ್ಕೇ ಸೊಂಟ ಹಿಡಿದು ಎದ್ದು ಕೂತರೆ ಎಲ್ಲಾ ಲಾಭ ನೀರುಪಾಲು.

ಮೂರನೆಯದು ಬಟ್ಟೆ. ಮೈಗೆ ಅಂಟಿದ ಹಾಗಿರುವ ಸ್ಕಿನ್‌ಸೂಟ್. 1895ರ ಆ ಪಟಪಟ ಕೋಟು ನೆನಪಿದೆಯಲ್ಲ? ಸಡಿಲ ಜೆರ್ಸಿ ಅದರ ಮೊಮ್ಮಗ. ಬೆನ್ನಿನ ನಂಬರ್ ಚೀಟಿಯೂ ಅಷ್ಟೇ, ಗಾಳಿಗೆ ಉಬ್ಬದ ಹಾಗೆ ಅಂಟಿಸಿ. ನಾಲ್ಕನೆಯದು ಹೆಲ್ಮೆಟ್. ಇಲ್ಲಿ ಹುಷಾರು: ಉದ್ದ ಬಾಲದ ಹೆಲ್ಮೆಟ್ ಬೆನ್ನಿಗೆ ಕೂತಿದ್ದರೆ ಚಿನ್ನ. ಸುಸ್ತಾಗಿ ತಲೆ ತಗ್ಗಿಸುವ ಅಭ್ಯಾಸ ಇದ್ದರೆ ಬಾಲ ಮೇಲೆದ್ದು ಗಾಳಿಗೆ ಗೋಡೆಯಾಗುತ್ತದೆ. ಅಂಥವರಿಗೆ ಗಿಡ್ಡ ಬಾಲದ್ದೇ ವಾಸಿ. ಗೆಳೆಯನಿಗೆ ಒಗ್ಗಿದ್ದು ನಿಮಗೆ ಒಗ್ಗಬೇಕು ಅಂತೇನಿಲ್ಲ. ನಮ್ಮ ಬಿಸಿಲಿನಲ್ಲಿ ಗಾಳಿಕಿಂಡಿ ಕಮ್ಮಿ ಇರುವ ಹೆಲ್ಮೆಟ್ ತಲೆ ಬೇಯಿಸುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಇಷ್ಟಾದ ಮೇಲೆ ಚಕ್ರ. ಅಡ್ಡಗಾಳಿ ಬೀಸುವ ರಸ್ತೆಯಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿದರೆ ಹ್ಯಾಂಡಲ್ ಕಿತ್ತುಕೊಂಡು ಹೋಗುತ್ತದೆ, ಹಿಂದಿನ ಚಕ್ರಕ್ಕೆ ಮಾತ್ರ ಸರಿ. ಅದಕ್ಕಿಂತ ಮೊದಲು ಒಳ್ಳೆ ಟೈರ್ ಹಾಕಿ, ಅಗ್ಗದಲ್ಲಿ ಸಿಗುವ ವೇಗ ಅದು. ಎಲ್ಲಕ್ಕಿಂತ ದುಬಾರಿಯಾದ ಫ್ರೇಮ್, ಎಲ್ಲಕ್ಕಿಂತ ಕೊನೆಗೆ.

ಕೊಂಡದ್ದು ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ವಿಂಡ್ ಟನಲ್ ಬೇಕಿಲ್ಲ. ವಾಹನ ಕಮ್ಮಿ ಇರುವ ಒಂದು ರಸ್ತೆ, ಗಾಳಿ ಬೀಸದ ಒಂದು ಬೆಳಿಗ್ಗೆ ಸಾಕು. ಪವರ್ ಮೀಟರ್ ಇದ್ದರೆ ರಾಬರ್ಟ್ ಚಂಗ್ ಎಂಬುವರು ರೂಪಿಸಿದ ಲೆಕ್ಕದ ವಿಧಾನದಿಂದ ನಿಮ್ಮ ಸಿಡಿಎ ಅಂದಾಜು ಮಾಡಬಹುದು. ಇಲ್ಲದಿದ್ದರೆ, ಒಂದು ಇಳಿಜಾರಿನ ಮೇಲಿಂದ ತುಳಿಯದೆ ಇಳಿದು ಎಲ್ಲಿ ನಿಲ್ಲುತ್ತೀರಿ ನೋಡಿ. ಹಳೇ ಹೆಲ್ಮೆಟ್, ಹೊಸ ಹೆಲ್ಮೆಟ್, ಮತ್ತೆ ಹಳೇದು. ಈ ಕೊನೆಯ ಸುತ್ತು ಬಿಡಬೇಡಿ, ನಡುವೆ ಗಾಳಿ ಬದಲಾಯಿತಾ ಅಂತ ಅದು ಹೇಳುತ್ತದೆ. ಬೇರೆ ಊರಿನ ಟೈಮಿಂಗ್ ಜೊತೆ ಹೋಲಿಸಲೂ ಬೇಡಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಗಾಳಿ ಮಂಗಳೂರಿನ ಗಾಳಿಗಿಂತ ಹೆಚ್ಚುಕಮ್ಮಿ ಶೇಕಡಾ 8-10ರಷ್ಟು ತೆಳು. ಮೋಸರ್, ಮರ್ಕ್ಸ್ ಇಬ್ಬರೂ ಮೆಕ್ಸಿಕೋ ಸಿಟಿಗೆ ಹೋಗಿದ್ದು ಸುಮ್ಮನೆ ಅಲ್ಲ.

ಆಟ ಯಾರದ್ದು?

ಕೊನೆಗೊಂದು ಮಾತು. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ತಲೆಮಾರುಗಳಿಂದ ಸೈಕ್ಲಿಸ್ಟ್‌ಗಳನ್ನು ಕೊಡುತ್ತಾ ಬಂದಿವೆ. ಅವರಲ್ಲಿ ಎಷ್ಟೋ ಜನ ರೈತರ ಮಕ್ಕಳು. ಅಂಥ ಒಬ್ಬ ಹುಡುಗಿ ಸ್ಪರ್ಧೆಯ ಸಾಲಿನಲ್ಲಿ ನಿಂತು ಪಕ್ಕದವಳ ಸೈಕಲ್ ನೋಡಿ, 'ಇದು ದುಡ್ಡಿದ್ದವರ ಆಟ, ನನ್ನದಲ್ಲ' ಅಂದುಕೊಂಡರೆ ನಷ್ಟ ಯಾರಿಗೆ? ಆ ಭಯ ಪೂರ್ತಿ ಸುಳ್ಳಲ್ಲ. ಎಲ್ಲಾ ಸರಿಯಿದ್ದ ಮೇಲೆ ಒಳ್ಳೆ ಚಕ್ರ, ಒಳ್ಳೆ ಫ್ರೇಮ್ ಇನ್ನಷ್ಟು ಸೆಕೆಂಡ್ ಕೊಡುತ್ತವೆ. ಅದಕ್ಕೇ ಬ್ರಿಟನ್ನಿನಲ್ಲಿ ಈಗ ಟೈಮ್ ಟ್ರಯಲ್‌ಗಳಲ್ಲಿ ಏರೋಬಾರ್ ಇಲ್ಲದ ಸಾದಾ ರೋಡ್ ಬೈಕ್‌ಗೆ ಪ್ರತ್ಯೇಕ ವಿಭಾಗ ಮಾಡಿದ್ದಾರೆ. ನಮ್ಮ ಕ್ಲಬ್ಬುಗಳೂ ಇಂಥದ್ದನ್ನು ಯೋಚಿಸಬಹುದು. ಆದರೆ ಆ ಹುಡುಗಿಗೆ ಮೊದಲು ತಿಳಿಯಬೇಕಾದದ್ದು ಇದು: ಮೊದಲ ಮೂರು ನಿಮಿಷ ಅವಳ ಬೆನ್ನು ಬಗ್ಗುವುದರಲ್ಲಿ ಇದೆ. ಉಳಿದ ಸೆಕೆಂಡುಗಳು ಮಾತ್ರ ಅಂಗಡಿಯಲ್ಲಿವೆ.

ಹಾಗೇ ಇನ್ನೊಂದು ಎಚ್ಚರಿಕೆ. ತಲೆ ತಗ್ಗಿಸಿದರೆ ಗಾಳಿ ತಪ್ಪುತ್ತದೆ, ಜೊತೆಗೆ ಮುಂದಿನ ರಸ್ತೆಯೂ ಕಣ್ಣು ತಪ್ಪುತ್ತದೆ. ಏರೋಬಾರ್ ಹಿಡಿದಾಗ ಬ್ರೇಕ್ ಕೈಗೆ ಎಟುಕುವುದಿಲ್ಲ. ನಮ್ಮ ರಸ್ತೆಯಲ್ಲಿ ಗುಂಡಿ, ಹಂಪ್, ಅಡ್ಡ ಬರುವ ನಾಯಿ, ರಾಂಗ್ ಸೈಡಿನ ಬೈಕ್ ಎಲ್ಲವೂ ಇವೆ. ನೋಟ ರಸ್ತೆಯ ಮೇಲಿಟ್ಟು ಎಷ್ಟು ಬಗ್ಗೋಕೆ ಆಗುತ್ತೋ ಅಷ್ಟೇ ನಿಮ್ಮ ಭಂಗಿ. ಅದಕ್ಕಿಂತ ಕೆಳಗೆ ಸಿಗುವ ಸೆಕೆಂಡು ನಮಗೆ ಬೇಡ.